ಮೊದಲು ಬೋಂಜೂರ್, ಆಮೇಲೆ ಮಾತು

ಓದುಗರ ಪ್ರಶ್ನೆ – ಉತ್ತರ

ಓದಲು, ಕೆಲಸಕ್ಕೆ, ಸುತ್ತಾಟಕ್ಕೆ ಫ್ರಾನ್ಸಿಗೆ ಹೊರಟವರಿಂದಲೂ ಮನೆಯಲ್ಲೇ ಕೂತು ಫ್ರೆಂಚ್ ಕಲಿಯುತ್ತಿರುವವರಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಯಾರಿಗೆ, ಯಾವಾಗ, ಹೇಗೆ ವಂದಿಸಬೇಕು? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಫ್ರೆಂಚ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಅವುಗಳಲ್ಲಿ ಸೊನ್ನೆ ಬಂದ ಕಡೆ 'ನ್' ಅಥವಾ 'ಮ್' ಎನ್ನದೆ ಸ್ವರವನ್ನೇ ಮೂಗಿನಿಂದ ಹೊರಡಿಸಿ.

ಪ್ರಶ್ನೆ: ಫ್ರಾನ್ಸಿಗೆ ಹೋಗಿಬಂದವರೆಲ್ಲ ಅಲ್ಲಿನ ಅಂಗಡಿಯವರು ಸಿಡುಕರು ಎನ್ನುತ್ತಾರೆ. ನಾವು ನಗುನಗುತ್ತಾ, ಮೆತ್ತಗೆ ಕೇಳಿದರೂ ಮುಖ ಗಂಟಿಕ್ಕುತ್ತಾರಂತೆ. ನಿಜವೇ?

ಉತ್ತರ: ಅವರು ಮುಖ ಗಂಟಿಕ್ಕುವ ಮುಂಚೆ ನಿಮ್ಮ ಬಾಯಿಂದ ಬಂದ ಮೊದಲ ಪದ ಯಾವುದು ಎಂದು ನೋಡಬೇಕು. 'ಇದಕ್ಕೆಷ್ಟು?', 'ನಿಮಗೆ ಇಂಗ್ಲಿಷ್ ಬರುತ್ತದೆಯೇ?', 'ಒಂದು ಬಾಗೆತ್ (ಉದ್ದನೆಯ ಬ್ರೆಡ್) ಕೊಡಿ' – ಇವುಗಳಲ್ಲಿ ಒಂದು ಮೊದಲು ಬಂದಿದ್ದರೆ, ಫ್ರೆಂಚರ ಲೆಕ್ಕದಲ್ಲಿ ನೀವು ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗೆ. ಅದಕ್ಕೆ 'ದಯವಿಟ್ಟು' ಸೇರಿಸಿದರೂ ಕೊರತೆ ತುಂಬುವುದಿಲ್ಲ. ನಗುವೂ ಸಾಲದು, ಏಕೆಂದರೆ ಅಪರಿಚಿತರನ್ನು ಕಂಡು ಸುಮ್ಮನೆ ನಗುವುದು ಅಲ್ಲಿ ವಂದನೆಯಲ್ಲ. ಕೌಂಟರಿನ ಆಚೆ ನಿಂತವರನ್ನು ಮೊದಲು ಮನುಷ್ಯರೆಂದು ಗುರುತಿಸಿ 'ಬೋಂಜೂರ್', ಅಂದರೆ ನಮಸ್ಕಾರ, ಎಂಬ ಒಂದು ಮಾತು ಆಡಬೇಕು, ಬೇಕಾದುದನ್ನು ಕೇಳುವುದು ಅದಾದ ಮೇಲೆ. ಇದನ್ನು ಅಲ್ಲಿ ಎರಡು ಮೂರು ವರ್ಷದ ಮಗುವಿಗೇ ಕಲಿಸಲು ಶುರುಮಾಡುತ್ತಾರೆ. ದೊಡ್ಡವರೊಬ್ಬರು ಅದನ್ನು ಬಿಟ್ಟರೆ ಮರೆತಿದ್ದಾರೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಬೇಕೆಂದೇ ಕಡೆಗಣಿಸಿದ್ದಾರೆ ಎಂದುಕೊಳ್ಳುತ್ತಾರೆ.

ಬ್ರೆಡ್ ಅಂಗಡಿಯ ಮಾತುಕತೆ ಹೀಗೆ ಸಾಗುತ್ತದೆ. ಒಳಗೆ ಕಾಲಿಟ್ಟ ಕೂಡಲೇ, ಸರದಿಯಲ್ಲಿ ನಾಲ್ಕು ಜನ ಮುಂದಿದ್ದರೂ, ಕೇಳುವಷ್ಟು ಗಟ್ಟಿಯಾಗಿ ಒಮ್ಮೆ 'ಬೋಂಜೂರ್'. ನಿಮ್ಮ ಸರದಿ ಬಂದಾಗ ಕಣ್ಣಲ್ಲಿ ಕಣ್ಣಿಟ್ಟು ಮತ್ತೆ, ಹೆಂಗಸಿಗಾದರೆ 'ಬೋಂಜೂರ್ ಮದಾಮ್', ಗಂಡಸಿಗಾದರೆ 'ಬೋಂಜೂರ್ ಮಸ್ಯೋ'. ಅವರೂ 'ಬೋಂಜೂರ್' ಎನ್ನುವವರೆಗೆ ಅರೆಕ್ಷಣ ತಡೆಯಿರಿ. ಹೊಸಬರು ಎಡವುವುದು ಇಲ್ಲೇ, ಬೋಂಜೂರ್ ಮತ್ತು ಬೇಡಿಕೆಯನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆಮೇಲೆ 'ಯೂನ್ ಬಾಗೆತ್, ಸಿಲ್ ವೂ ಪ್ಲೆ', ಅಂದರೆ ಒಂದು ಬಾಗೆತ್, ದಯವಿಟ್ಟು. ಕೈಗೆ ಬಂದಾಗ 'ಮೆರ್ಸಿ', ಅಂದರೆ ಧನ್ಯವಾದ. ಹೊರಡುವಾಗ 'ಓ ರೆವ್ವಾರ್, ಬೊನ್ ಜೂರ್ನೇ', ಅಂದರೆ ಮತ್ತೆ ಸಿಗೋಣ, ನಿಮ್ಮ ದಿನ ಚೆನ್ನಾಗಿರಲಿ. ಏನೂ ಕೊಳ್ಳದೆ ಹೊರಟರೂ ಕೊನೆಯ ಮಾತು ಬಿಡಬಾರದು.

ನೀವು ಮರೆತು ನೇರವಾಗಿ ಕೇಳಿಬಿಟ್ಟಿರಿ, ಅವರು ಉತ್ತರ ಕೊಡದೆ ಒತ್ತಿ ಒತ್ತಿ 'ಬೋಂ-ಜೂರ್' ಎಂದರು ಎನ್ನಿ. ಅದು ಸ್ವಾಗತವಲ್ಲ, ಎಚ್ಚರಿಕೆ. ಆಗ ವಿವರಣೆ ಬೇಡ, ಕ್ಷಮೆಯೂ ಬೇಡ. 'ಬೋಂಜೂರ್ ಮದಾಮ್' ಎಂದು ಮೊದಲಿಂದ ಶುರುಮಾಡಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೆ ಎಲ್ಲ ಸರಿಹೋಗುತ್ತದೆ. ಫ್ರೆಂಚ್ ಬಾರದವರು ಕೂಡ ಈ ಒಂದು ಪದವನ್ನು ಫ್ರೆಂಚಿನಲ್ಲೇ ಹೇಳಿ, ಮುಂದಿನದನ್ನು ಇಂಗ್ಲಿಷಿನಲ್ಲಿ ಕೇಳಬಹುದು. ನಡತೆ ಕೂಡಲೇ ಬದಲಾಗುವುದನ್ನು ನೋಡುತ್ತೀರಿ.

ಬಸ್ ಹತ್ತುವಾಗ ಚಾಲಕರಿಗೆ, ಔಷಧಿ ಅಂಗಡಿ, ಅಂಚೆ ಕಚೇರಿ, ಹೋಟೆಲಿನ ಕೌಂಟರ್, ಸೂಪರ್‌ಮಾರ್ಕೆಟ್ಟಿನ ಕ್ಯಾಷಿಯರ್ – ಎಲ್ಲ ಕಡೆಯೂ ಇದೇ ನಿಯಮ. ವೈದ್ಯರಲ್ಲಿ ಕಾಯುವ ಕೋಣೆಗೆ ಹೋದಾಗ ಅಲ್ಲಿ ಕೂತವರಿಗೆಲ್ಲ ಸೇರಿಸಿ ಒಂದು 'ಬೋಂಜೂರ್' ಹೇಳುತ್ತಾರೆ. ಎಲ್ಲರೂ ಗೊಣಗಿದಂತೆ ಮರುವಂದಿಸಿ ತಮ್ಮ ಪತ್ರಿಕೆಗೆ ಮರಳುತ್ತಾರೆ. ಲಿಫ್ಟಿನಲ್ಲೂ ಹಾಗೆಯೇ. ಮೆಟ್ರೋ ಬೋಗಿಯಲ್ಲಿ, ಪ್ಯಾರಿಸ್ಸಿನ ಬೀದಿಯಲ್ಲಿ ಎದುರಾದ ಅಪರಿಚಿತರಿಗೆ ಹೇಳುವ ಪದ್ಧತಿಯಿಲ್ಲ. ಆದರೆ ಸಣ್ಣ ಹಳ್ಳಿಯ ರಸ್ತೆಯಲ್ಲಿ, ಬೆಟ್ಟದ ಕಾಲುದಾರಿಯಲ್ಲಿ ಎದುರಾದವರಿಗೆ ಹೇಳದಿದ್ದರೆ ಬಿಗುಮಾನ ಎನಿಸುತ್ತದೆ. ದಾರಿ ಕೇಳುವಾಗಲೂ 'ಬೋಂಜೂರ್, ಎಕ್ಸ್‌ಕ್ಯೂಜೇ ಮ್ವಾ' ಎಂಬ ಅನುಕ್ರಮ ತಪ್ಪಬಾರದು. ಬರೀ 'ಎಕ್ಸ್‌ಕ್ಯೂಜೇ ಮ್ವಾ' ಎಂದು ಹತ್ತಿರ ಹೋದರೆ, ಏನೋ ಮಾರಲು ಬಂದವರೆಂದು ಜನ ನಡೆದುಬಿಡುತ್ತಾರೆ.

ಪ್ರಶ್ನೆ: ಬೋಂಜೂರ್ ಎಂದು ಎಷ್ಟು ಅಭ್ಯಾಸ ಮಾಡಿದರೂ ಶಿಕ್ಷಕರು 'ಅಲ್ಲ, ಅಲ್ಲ' ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಸಾಮಾನ್ಯವಾಗಿ ಮೂರು ಕಡೆ. 'ಬೋಂ' ಹೇಳುವಾಗ ನಾಲಿಗೆ ಮೇಲೇರಿ ಹಲ್ಲಿನ ಹಿಂಬದಿ ಮುಟ್ಟಿದರೆ 'ಬೋನ್' ಆಯಿತು, ತುಟಿ ಮುಚ್ಚಿದರೆ 'ಬೋಮ್' ಆಯಿತು. ಎರಡೂ ತಪ್ಪು. ನಾಲಿಗೆ ಕೆಳಗೇ ಇರಲಿ, ತುಟಿ ಗುಂಡಗೆ ತೆರೆದೇ ಇರಲಿ, ಉಸಿರು ಬಾಯಿಂದಲೂ ಮೂಗಿನಿಂದಲೂ ಒಟ್ಟಿಗೆ ಬರಲಿ. 'ಜೂ'ದಲ್ಲಿರುವುದು ನಮ್ಮ ಜಕಾರವಲ್ಲ. 'ಶ' ಎನ್ನುವಾಗ ನಾಲಿಗೆ ಇರುವ ಜಾಗದಲ್ಲೇ ಇಟ್ಟು ಗಂಟಲಿನ ನಾದ ಸೇರಿಸಿ. ನಾಲಿಗೆ ಅಂಗುಳಕ್ಕೆ ಬಡಿಯಬಾರದು. ಕೊನೆಯ ರಕಾರ ನಾಲಿಗೆಯ ತುದಿಯದಲ್ಲ. ನಾಲಿಗೆಯ ಹಿಂಭಾಗ ಕಿರುನಾಲಿಗೆಯ ಹತ್ತಿರ ಬಂದು ಉಜ್ಜಿದಂತೆ ಹೊರಡುವ ಮೆಲುಸದ್ದು ಅದು. ಬಾರದಿದ್ದರೆ ರಕಾರವನ್ನು ತೇಲಿಸಿಬಿಡಿ. ನಾಲಿಗೆ ಹೊರಳಿಸಿ 'ರ್‍ರ್' ಎನ್ನುವುದಕ್ಕಿಂತ ಅದು ವಾಸಿ.

ಇನ್ನೊಂದು: 'ಬೋಂ' ಮುಂದೆ ಸ್ವರ ಬಂದಾಗ, ಅಥವಾ ಸ್ತ್ರೀಲಿಂಗ ರೂಪದಲ್ಲಿ, ನಕಾರ ನಿಜವಾಗಿಯೂ ಕೇಳಿಸುತ್ತದೆ. ಹಾಗಾಗಿ 'ಬೊನ್ ಜೂರ್ನೇ', 'ಬೊನಾನೇ' (ಹೊಸವರ್ಷದ ಶುಭಾಶಯ). 'ಹೇಗೆ' ಎಂಬರ್ಥದ 'ಕೊಮಾಂ' ಒಂಟಿಯಾಗಿದ್ದಾಗ ಬರಹದ ಕೊನೆಯ ತಕಾರ ಮೌನ. 'ಕೊಮಾಂತಾಲೇ ವೂ', ಹೇಗಿದ್ದೀರಿ, ಎಂದಾಗ ಅದು ಮಾತಾಡುತ್ತದೆ. 'ಮಸ್ಯೋ' ಬರೆಯುವಾಗ ಕೊನೆಯಲ್ಲಿ ರಕಾರ ಇದ್ದರೂ ಯಾರೂ ಅದನ್ನು ಉಚ್ಚರಿಸುವುದಿಲ್ಲ.

ಪ್ರಶ್ನೆ: ಬೋಂಜೂರ್ ಬಿಟ್ಟು ಸಂಜೆಯ ವಂದನೆ ಬೋಂಸ್ವಾರ್ ಹೇಳಬೇಕಾದದ್ದು ಎಷ್ಟು ಗಂಟೆಗೆ? ರಾತ್ರಿ ಊಟದಿಂದ ಹೊರಡುವಾಗ 'ಬೊನ್ ನ್ವಿ' (ಶುಭರಾತ್ರಿ) ಎಂದಾಗ ಎಲ್ಲರೂ ನಕ್ಕರು, ಏಕೆ?

ಉತ್ತರ: ಗಡಿಯಾರದ ಗೆರೆಯೇನೂ ಇಲ್ಲ. ಸಂಜೆ 6ರ ಆಸುಪಾಸಿನಲ್ಲಿ ಬದಲಾಗುತ್ತದೆ. ಚಳಿಗಾಲದಲ್ಲಿ 5 ಗಂಟೆಗೇ ಕತ್ತಲಾದರೆ ಸ್ವಲ್ಪ ಮುಂಚೆ, ಬೇಸಿಗೆಯಲ್ಲಿ ತಡವಾಗಿ. ಮಧ್ಯಾಹ್ನಕ್ಕೆ ಬೇರೆ ವಂದನೆ ಇಲ್ಲ, ಬೋಂಜೂರೇ ನಡೆಯುತ್ತದೆ. ಹೊತ್ತು ತಪ್ಪಿ ಹೇಳಿದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎದುರಿನವರು ಹೇಳಿದ್ದನ್ನೇ ಹೇಳಿಬಿಡಿ.

'ಬೊನ್ ನ್ವಿ' ಹಾಸಿಗೆಗೆ ಹೋಗುವವರಿಗೆ ಮಾತ್ರ. ಹೊರಡುವಾಗ ಇನ್ನೂ ಸಂಜೆ ಉಳಿದಿದ್ದರೆ 'ಬೊನ್ ಸ್ವಾರೇ', ಮಧ್ಯಾಹ್ನವಾದರೆ 'ಬೊನಪ್ರೆ ಮಿದಿ', ಬೆಳಿಗ್ಗೆಯಾದರೆ 'ಬೊನ್ ಜೂರ್ನೇ'. ಬೋಂಸ್ವಾರ್ ಸಿಕ್ಕಾಗಿನ ಮಾತು, ಬೊನ್ ಸ್ವಾರೇ ಬೀಳ್ಕೊಡುವ ಮಾತು. ಈ ಜೋಡಿಯನ್ನು ಅದಲುಬದಲು ಮಾಡಿ ಕಲಿತವರಿಗೆ ಬಿಡಿಸಿಕೊಳ್ಳುವುದು ಕಷ್ಟ, ಮೊದಲೇ ಸರಿಯಾಗಿ ಕಲಿಯಿರಿ.

ಪ್ರಶ್ನೆ: ಆಫೀಸಿನಲ್ಲಿ ಒಬ್ಬರೇ ಸಹೋದ್ಯೋಗಿ ದಿನಕ್ಕೆ ನಾಲ್ಕು ಸಲ ಎದುರಾಗುತ್ತಾರೆ. ಪ್ರತಿ ಸಲವೂ ಬೋಂಜೂರ್ ಹೇಳಬೇಕೇ?

ಉತ್ತರ: ಬೇಡ. ಎರಡನೇ ಸಲ ಹೇಳಿದರೆ, ಬೆಳಿಗ್ಗೆ ಸಿಕ್ಕಿದ್ದನ್ನೇ ನೀವು ಮರೆತಿರಿ ಎಂದು ಅರ್ಥವಾಗುತ್ತದೆ. ಕೆಲವರು 'ಓಂ ಸೆ ದೇಜಾ ವ್ಯೂ', ಆಗಲೇ ಸಿಕ್ಕಿದ್ದೆವಲ್ಲ, ಎಂದು ನೆನಪಿಸುತ್ತಾರೆ. ಕತ್ತು ಬಾಗಿಸಿ ಸಣ್ಣಗೆ ನಕ್ಕರೆ ಸಾಕು. ಮಾತು ಬೇಕೇ ಬೇಕೆನಿಸಿದರೆ 'ರೆಬೋಂಜೂರ್', ಮತ್ತೊಮ್ಮೆ ಬೋಂಜೂರ್, ಎನ್ನುವುದುಂಟು.

ಕೈಕುಲುಕುವುದಕ್ಕೂ ಅದೇ ಲೆಕ್ಕ: ದಿನಕ್ಕೆ ಒಬ್ಬರಿಗೆ ಒಮ್ಮೆ. ಕಾರ್ಖಾನೆ, ಗ್ಯಾರೇಜು, ಹಳೆಯ ಕಚೇರಿಗಳಲ್ಲಿ ಬೆಳಿಗ್ಗೆ ಬಂದವರು ಕೋಣೆಯಲ್ಲಿರುವ ಪ್ರತಿಯೊಬ್ಬರ ಕೈಯನ್ನೂ ಕುಲುಕಿ ಆಮೇಲೆ ಕೂರುವ ರೂಢಿ ಇನ್ನೂ ಇದೆ. ಮಧ್ಯೆ ಒಬ್ಬರನ್ನು ಬಿಟ್ಟರೆ ಅದನ್ನು ಗಮನಿಸುತ್ತಾರೆ. ಹಿಡಿತ ಗಟ್ಟಿ ಇರಲಿ, ಅವಧಿ ಚಿಕ್ಕದಿರಲಿ, ಒಮ್ಮೆ ಕೆಳಮೇಲೆ ಆಡಿಸಿ ಬಿಡಬೇಕು. ಕೂತಿದ್ದರೆ ಏಳಿ, ಕೈಗವಸು ಇದ್ದರೆ ತೆಗೆಯಿರಿ. ಕೈ ಒದ್ದೆಯೋ ಎಣ್ಣೆಯೋ ಆಗಿದ್ದವರು ಮುಷ್ಟಿ ಮಡಚಿ ಮಣಿಕಟ್ಟನ್ನು ಮುಂದೆ ಚಾಚುತ್ತಾರೆ. ಗಲಿಬಿಲಿಗೊಳ್ಳದೆ ಆ ಮಣಿಕಟ್ಟನ್ನೇ ಹಿಡಿದು ಕುಲುಕಿ.

ಪ್ರಶ್ನೆ: ಮದುವೆಯಾಗದ ಹುಡುಗಿಯರಿಗೆ 'ಮದ್‌ಮ್ವಾಜೆಲ್' ಎನ್ನಬೇಕೆಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಈಗಲೂ ಹಾಗೆಯೇ?

ಉತ್ತರ: ನಿಮ್ಮ ಪುಸ್ತಕ ಹಳೆಯದು. ಪ್ರಧಾನಿ ಫ್ರಾಂಸ್ವಾ ಫಿಯೋಂ ಅವರ ಕಚೇರಿ 2012ರ ಫೆಬ್ರವರಿ 21ರಂದು ಹೊರಡಿಸಿದ ಸುತ್ತೋಲೆ ಸರ್ಕಾರಿ ಅರ್ಜಿಗಳಿಂದ ಈ ಪದವನ್ನು ತೆಗೆಸಿತು. ಗಂಡಸಿಗೆ ಮದುವೆಯಾಗಿರಲಿ ಬಿಡಲಿ ಮಸ್ಯೋ ಒಂದೇ ಸಾಕಾದರೆ, ಹೆಂಗಸಿನ ಮದುವೆಯ ಲೆಕ್ಕ ಮಾತ್ರ ಏಕೆ ಎಂಬುದು ಅದರ ಹಿಂದಿನ ವಾದ, ನ್ಯಾಯವಾದ ವಾದ. ಮಾತಿನಲ್ಲಿ ಪದ ಪೂರ್ತಿ ಅಳಿದಿಲ್ಲ. ಹದಿಹರೆಯದ ಹುಡುಗಿಯರಿಗೆ ಹಿರಿಯ ಅಂಗಡಿಯವರು ಹೇಳುವುದನ್ನು ಕೇಳುತ್ತೀರಿ. ನೀವು ಮಾತ್ರ ವಯಸ್ಕರೆಲ್ಲರಿಗೂ ಮದಾಮ್ ಎನ್ನಿ. ಮುಂದೆ ಹೆಸರು ಸೇರಿಸುವ ಅಗತ್ಯವಿಲ್ಲ. 'ಬೋಂಜೂರ್ ಮದಾಮ್' ಅಷ್ಟಕ್ಕೇ ಪೂರ್ಣ. ಗುಂಪಿಗೆ 'ಮೆಸ್ಯೋ-ದಾಮ್' ಎನ್ನುವುದು ಬಳಕೆಯಲ್ಲಿದೆ, ಶಿಷ್ಟಾಚಾರದ ಪುಸ್ತಕಗಳು ಅದನ್ನು ಒಪ್ಪದಿದ್ದರೂ.

ಪ್ರಶ್ನೆ: ಕನ್ನಡದಲ್ಲಿ ನೀನು, ನೀವು ಇರುವುದರಿಂದ 'ತ್ಯು' ಮತ್ತು 'ವೂ' ಸುಲಭ ಎಂದುಕೊಂಡಿದ್ದೆ. ಆದರೆ ಸಹಪಾಠಿಗಳಿಗೆ ವೂ ಎಂದರೆ ಅವರು ಮುಖ ಮುಖ ನೋಡುತ್ತಾರೆ.

ಉತ್ತರ: ಪದಗಳು ಜೋಡಿಯಾಗಿದ್ದರೂ ಗಡಿ ಬೇರೆ ಕಡೆ ಇದೆ. ಅಮ್ಮನಿಗೆ ನೀನು, ಅಜ್ಜನಿಗೆ ನೀವು ಎನ್ನುವವರು ನಮ್ಮಲ್ಲಿ ಎಷ್ಟೋ ಮಂದಿ. ಫ್ರಾನ್ಸಿನ ಬಹುಪಾಲು ಕುಟುಂಬಗಳಲ್ಲಿ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರಿಗೂ ತ್ಯು. ಅಲ್ಲಿ ಮುಖ್ಯವಾಗಿ ನೋಡುವುದು ನೀವು ಎಷ್ಟು ಹತ್ತಿರದವರು ಎಂಬುದನ್ನು, ವಯಸ್ಸು ಆಮೇಲೆ. ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಮೊದಲ ದಿನದಿಂದಲೇ ತ್ಯು ಎನ್ನುತ್ತಾರೆ. ಅವರ ನಡುವೆ ವೂ ಎಂದರೆ ಗೌರವವಾಗಿ ಕೇಳಿಸುವುದಿಲ್ಲ, ದೂರ ತಳ್ಳಿದಂತೆ ಕೇಳಿಸುತ್ತದೆ. ಪ್ರಾಧ್ಯಾಪಕರಿಗೆ ಮಾತ್ರ ವೂ.

ಅಪರಿಚಿತ ವಯಸ್ಕರಿಗೆ, ಅಂಗಡಿಯಲ್ಲಿ, ಕಚೇರಿಯಲ್ಲಿ, ಅಕ್ಕಪಕ್ಕದ ಮನೆಯವರಿಗೆ ವೂ ಎಂದೇ ಶುರುಮಾಡಿ. ಅವರು ಅಪ್ಪಣೆ ಕೊಟ್ಟಾಗ ತ್ಯುಗೆ ಇಳಿಯಿರಿ. ಅಪ್ಪಣೆ ಕೊಡುವ ಹಕ್ಕು ಹಿರಿಯರದು, ಮೇಲಧಿಕಾರಿಯದು. ಗಂಡು ಹೆಣ್ಣಿನ ನಡುವೆ ಹಳೆಯ ಕ್ರಮದಲ್ಲಿ ಹೆಣ್ಣಿನದು. ಮಾತು ಹೀಗೆ ಬರುತ್ತದೆ: 'ಓಂ ಪ ಸ ತ್ಯುತ್ವಾಯೇ?', ನಾವು ತ್ಯು ಎಂದುಕೊಳ್ಳೋಣವೇ? ಒಪ್ಪಿದಿರಿ ಎಂದರೆ ಹಿಂದಿರುಗುವ ದಾರಿಯಿಲ್ಲ. ತ್ಯು ಎನ್ನುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ವೂ ಎಂದರೆ ಜಗಳವಾಗಿದೆ ಎಂದೇ ಅರ್ಥ. ಹೊಸ ಕಂಪನಿಗಳಲ್ಲಿ ಎಲ್ಲರೂ ತ್ಯು, ಕೆಲವು ಕಚೇರಿಗಳಲ್ಲಿ ಹೆಸರು ಹಿಡಿದು ಕರೆದೂ ವೂ. ಮೊದಲ ವಾರ ಕಿವಿ ತೆರೆದಿಟ್ಟು ಅಲ್ಲಿನ ವಾಡಿಕೆ ಹಿಡಿಯಿರಿ. ಅತ್ತೆ ಮಾವಂದಿರ ವಿಷಯ ಮನೆಯಿಂದ ಮನೆಗೆ ಬೇರೆ, ಹೇಳುವವರೆಗೆ ವೂ ಬಿಡಬೇಡಿ.

1793ರಲ್ಲಿ, ಕ್ರಾಂತಿಯ ಬಿಸಿಯಲ್ಲಿ, ಎಲ್ಲರಿಗೂ ತ್ಯು ಎನ್ನಿಸುವ ಪ್ರಯತ್ನ ನಡೆದಿತ್ತು. ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಈಗ ಅಲ್ಲಿನ ಪೊಲೀಸರ ನಡಾವಳಿ ಸಂಹಿತೆ, 2014ರ ಜನವರಿ 1ರಿಂದ ಜಾರಿಯಲ್ಲಿರುವಂಥದ್ದು, ಸಾರ್ವಜನಿಕರಿಗೆ ವೂ ಎನ್ನಲೇಬೇಕೆಂದು ವಿಧಿಸುತ್ತದೆ. ಅಷ್ಟರ ಮಟ್ಟಿಗೆ ಇದು ಮಾನದ ಪ್ರಶ್ನೆ.

ವ್ಯಾಕರಣದ ಒಂದು ಎಡವು: ಗೆಳೆಯರು ಇಬ್ಬರಾದ ಕೂಡಲೇ ಬಹುವಚನ, ಆಗ ವೂ ಎನ್ನಬೇಕು. ಹಾಗೆಯೇ ಒಬ್ಬರಿಗೆ ಆಡಿದ ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸಬೇಡಿ. ತ್ಯು ಎಂದವರಿಗೆ 'ಸಿಲ್ ತ ಪ್ಲೆ', ವೂ ಎಂದವರಿಗೆ 'ಸಿಲ್ ವೂ ಪ್ಲೆ'. 'ಸಲ್ಯೂ' ತ್ಯು ಬಳಗದ ಪದ. ಸಿಕ್ಕಾಗಲೂ ಹೊರಡುವಾಗಲೂ ನಡೆಯುತ್ತದೆ, ಆದರೆ 'ಸಲ್ಯೂ, ಕೊಮಾಂತಾಲೇ ವೂ' ಎಂದರೆ ಬನಿಯನ್ನಿನ ಮೇಲೆ ಟೈ ಕಟ್ಟಿದಂತೆ. 'ಕುಕು' ಇನ್ನೂ ಸಲಿಗೆಯದು, ಮನೆಯವರಿಗೆ ಮತ್ತು ಆಪ್ತರಿಗೆ.

ಪ್ರಶ್ನೆ: 'ಸಾ ವಾ?' ಎಂದು ಕೇಳಿದವರಿಗೆ ನಿಜವಾಗಿ ಹೇಗಿದ್ದೇವೆ ಎಂದು ಹೇಳಬೇಕೇ?

ಉತ್ತರ: ದಾರಿಯಲ್ಲಿ ಕೇಳಿದರೆ ಬೇಡ. 'ಸಾ ವಾ, ಎ ತ್ವಾ?' ಎಂದು ಮರಳಿಸಿ. ಪ್ರಶ್ನೆಗೂ ಉತ್ತರಕ್ಕೂ ಪದ ಅದೇ, ಧ್ವನಿ ಮಾತ್ರ ಬೇರೆ: ಕೇಳುವಾಗ ಏರುತ್ತದೆ, ಹೇಳುವಾಗ ಇಳಿಯುತ್ತದೆ. ವೂ ಎನ್ನುವವರಿಗೆ 'ಕೊಮಾಂತಾಲೇ ವೂ?', ಉತ್ತರ 'ತ್ರೆ ಬ್ಯಾಂ, ಮೆರ್ಸಿ, ಎ ವೂ?'. ಮರುಪ್ರಶ್ನೆ ಬಿಟ್ಟರೆ ಒಣ ಒಣ ಎನಿಸುತ್ತದೆ. ಆದರೆ ಗಮನಿಸಿ: ಅಂಗಡಿಯವರಿಗೆ, ಮಾಣಿಗೆ, ಗುರುತಿಲ್ಲದವರಿಗೆ ಬೋಂಜೂರ್ ಆದಮೇಲೆ 'ಹೇಗಿದ್ದೀರಿ' ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ಕೇಳಿದರೆ ಇವರಿಗೇಕೆ ಎಂದು ಅಚ್ಚರಿಪಡುತ್ತಾರೆ. ಮೊದಲ ಭೇಟಿಯಲ್ಲಿ ಪರಿಚಯವಾದಾಗ 'ಆಂಶಾಂತೇ' ಎಂದರೆ ಸಾಕು. ಬರೆಯುವಾಗ ಹೆಂಗಸರು ಕೊನೆಗೆ ಒಂದು ಅಕ್ಷರ ಹೆಚ್ಚಿಗೆ ಸೇರಿಸುತ್ತಾರೆ, ಉಚ್ಚಾರ ಬದಲಾಗದು.

ಪ್ರಶ್ನೆ: ಕೆನ್ನೆಗೆ ಕೆನ್ನೆ ತಾಗಿಸುವ 'ಬೀಜ್' ಬಗ್ಗೆ ವಿವರವಾಗಿ ಹೇಳಿ. ಎಷ್ಟು ಸಲ? ಯಾವ ಕೆನ್ನೆ ಮೊದಲು? ಅದು ಮುತ್ತೇ?

ಉತ್ತರ: ಮುತ್ತಲ್ಲ. ತುಟಿ ಕೆನ್ನೆಗೆ ತಾಗುವುದೇ ಇಲ್ಲ. ಕೆನ್ನೆ ಕೆನ್ನೆಗೆ ಹಗುರವಾಗಿ ಸೋಕುತ್ತದೆ, ತುಟಿ ಗಾಳಿಯಲ್ಲಿ ಸಣ್ಣ ಸದ್ದು ಮಾಡುತ್ತದೆ. ತುಟಿ ಒತ್ತಿದರೆ ಮುಜುಗರ. ಸದ್ದೇ ಇಲ್ಲದಿದ್ದರೆ ನೀರಸ.

ಮಾಡುವ ಬಗೆ: ಒಂದು ಹೆಜ್ಜೆ ಮುಂದೆ ಬಂದು ಸೊಂಟದಿಂದ ಮೇಲೆ ಸ್ವಲ್ಪ ಬಾಗಿ. ಒಂದು ಕೈ ಅವರ ಭುಜದ ಮೇಲೋ ತೋಳಿನ ಮೇಲೋ ಹಗುರವಾಗಿ ಇರಬಹುದು, ಇಲ್ಲದಿದ್ದರೂ ಸರಿ. ಫ್ರಾನ್ಸಿನ ಹೆಚ್ಚಿನ ಕಡೆ ಮೊದಲು ಬಲಗೆನ್ನೆ ಕೊಡುತ್ತಾರೆ, ಅಂದರೆ ನೀವು ತಲೆಯನ್ನು ನಿಮ್ಮ ಎಡಕ್ಕೆ ವಾಲಿಸಬೇಕು. ಆಗ್ನೇಯ ಭಾಗದಲ್ಲಿ, ಮಾರ್ಸೇ ಸುತ್ತಮುತ್ತ, ಎಡಗೆನ್ನೆ ಮೊದಲು. ಇಬ್ಬರೂ ಒಂದೇ ಕಡೆ ವಾಲಿದರೆ ಮೂಗಿಗೆ ಮೂಗು ಬಡಿಯುತ್ತದೆ, ಅದಕ್ಕೇ ಹೊಸಬರು ಕಾಲುಕ್ಷಣ ತಡೆದು ಎದುರಿನವರ ತಲೆ ಎತ್ತ ವಾಲುತ್ತದೆ ನೋಡಿಕೊಳ್ಳಬೇಕು. ಇಬ್ಬರಿಗೂ ಕನ್ನಡಕವಿದ್ದರೆ ಒಬ್ಬರು ತೆಗೆಯುವುದು ಕ್ಷೇಮ.

ಎಣಿಕೆ ಊರಿನ ಮೇಲೆ ಹೋಗುತ್ತದೆ. ಪ್ಯಾರಿಸ್ಸಿನಲ್ಲೂ ದೇಶದ ಬಹುಭಾಗದಲ್ಲೂ ಎರಡು. ಮೋಂಪೆಲ್ಯೇ ಸುತ್ತಿನ ದಕ್ಷಿಣದಲ್ಲಿ ಮೂರು. ನಾಂತ್ ಕಡೆ, ಲುವಾರ್ ನದಿಯ ಕೆಲವು ಪ್ರದೇಶಗಳಲ್ಲಿ ನಾಲ್ಕು. ಪಶ್ಚಿಮದ ತುದಿಯ ಬ್ರೆಸ್ತ್ ಕಡೆ ಒಂದೇ. ಗಡಿ ದಾಟಿ ಬೆಲ್ಜಿಯಂಗೆ ಹೋದರೆ ಒಂದು, ಸ್ವಿಟ್ಜರ್ಲೆಂಡಿನಲ್ಲಿ ಮೂರು. ಒಂದೇ ಊರಿನಲ್ಲೂ ಮನೆತನದಿಂದ ಮನೆತನಕ್ಕೆ ವ್ಯತ್ಯಾಸವಿರುವುದರಿಂದ ಫ್ರೆಂಚರೇ ತಬ್ಬಿಬ್ಬಾಗುತ್ತಾರೆ. 'ನಿಮ್ಮಲ್ಲಿ ಎಷ್ಟು?' ಎಂದು ನೇರವಾಗಿ ಕೇಳುವುದು ತಪ್ಪಲ್ಲ, ಅವರೂ ಕೇಳುತ್ತಾರೆ. ಎರಡಾದ ಮೇಲೆ ನಿಂತುಬಿಡಿ. ಅವರು ಇನ್ನೂ ಬಾಗಿದ್ದರೆ ಮುಂದುವರಿಸಿ.

ಇದು ಹೆಂಗಸರ ನಡುವೆ, ಗಂಡು ಹೆಣ್ಣಿನ ನಡುವೆ, ಮಕ್ಕಳೊಂದಿಗೆ ನಡೆಯುತ್ತದೆ. ಗಂಡಸರು ಗಂಡಸರೊಂದಿಗೆ ಮಾಡುವುದು ಮುಖ್ಯವಾಗಿ ಕುಟುಂಬದಲ್ಲಿ ಮತ್ತು ಆಪ್ತ ಗೆಳೆತನದಲ್ಲಿ, ದಕ್ಷಿಣದಲ್ಲಿ ತುಸು ಹೆಚ್ಚು. ವ್ಯವಹಾರದ ಮೊದಲ ಭೇಟಿಯಲ್ಲಿ ಇಲ್ಲ, ಅಲ್ಲಿ ಕೈಕುಲುಕು. ಗೆಳೆಯರ ಮನೆಯಲ್ಲಿ ಹತ್ತು ಜನ ಸೇರಿದ್ದರೆ, ಗುರುತಿಲ್ಲದವರೂ ಸೇರಿ ಹತ್ತೂ ಮಂದಿಗೆ, ಬಂದಾಗಲೊಮ್ಮೆ ಹೊರಡುವಾಗಲೊಮ್ಮೆ. ಹಾಗಾಗಿ ಕೊನೆಯ ಮೆಟ್ರೋ ಹಿಡಿಯಬೇಕಾದವರು ಹದಿನೈದು ನಿಮಿಷ ಮೊದಲೇ ಎದ್ದು ನಿಲ್ಲಬೇಕು. ತಬ್ಬಿಕೊಳ್ಳುವುದು ಇದಕ್ಕೆ ಬದಲಿಯಾಗದು. ಮೈಗೆ ಮೈ ತಾಗಿಸುವ ಅಪ್ಪುಗೆ ಫ್ರೆಂಚರಿಗೆ ಬೀಜ್‌ಗಿಂತ ಹೆಚ್ಚಿನ ಸಲಿಗೆ ಎನಿಸುತ್ತದೆ.

ಪ್ರಶ್ನೆ: ನನಗೆ ಅದು ಒಗ್ಗುವುದಿಲ್ಲ. ಅವರಿಗೆ ನೋವಾಗದಂತೆ ತಪ್ಪಿಸಿಕೊಳ್ಳುವುದು ಹೇಗೆ? ಕೈಮುಗಿಯಬಹುದೇ?

ಉತ್ತರ: ಒಗ್ಗದಿದ್ದರೆ ಮಾಡಬೇಕಾಗಿಲ್ಲ. ಮುಖ್ಯವಾದದ್ದು ಸಮಯ. ಅವರು ಬಾಗುವ ಮೊದಲೇ, ಇನ್ನೂ ಎರಡು ಹೆಜ್ಜೆ ದೂರದಲ್ಲಿರುವಾಗಲೇ, ತೋಳನ್ನು ಪೂರ್ತಿ ಚಾಚಿ ಕೈ ಕೊಡಿ, ಹೆಸರು ಹೇಳಿ, ಕಣ್ಣು ನೋಡಿ ನಗಿ. ಅವರು ಬಾಗಿದ ಮೇಲೆ ಹಿಂದೆ ಸರಿದರೆ ಮಾತ್ರ ನೋವಾಗುತ್ತದೆ. ನೆಗಡಿಯಾದವರು 'ಜ ಸ್ವಿ ಆಂರ್ಯುಮೇ' ಎನ್ನುತ್ತಾರೆ. ಆದರೆ ಪ್ರತಿದಿನ ಸಿಗುವವರಿಗೆ ದಿನವೂ ನೆಗಡಿ ಎನ್ನಲಾಗದು, ನನಗೆ ಬೀಜ್ ಅಭ್ಯಾಸವಿಲ್ಲ ಎಂದು ಒಮ್ಮೆ ಹೇಳಿಬಿಡುವುದು ಮೇಲು.

ಕೊರೋನಾ ಹರಡತೊಡಗಿದಾಗ, 2020ರ ಫೆಬ್ರವರಿ ಕೊನೆಗೆ, ಆರೋಗ್ಯ ಸಚಿವ ಒಲಿವ್ಯೇ ವೆರಾಂ ಕೈಕುಲುಕುವುದನ್ನು ಬಿಡಿ ಎಂದು ಕರೆಕೊಟ್ಟರು, ಬೀಜ್ ಕೂಡ ನಿಂತಿತು. ಮಾರ್ಚಿನಲ್ಲಿ ಅಧ್ಯಕ್ಷ ಮಾಕ್ರೋಂ ಸ್ಪೇನಿನ ದೊರೆ ಆರನೇ ಫೆಲಿಪೆ ದಂಪತಿಯನ್ನು ಪ್ಯಾರಿಸ್ಸಿನಲ್ಲಿ ಕೈಮುಗಿದೇ ಬರಮಾಡಿಕೊಂಡರು. ಆಮೇಲೆ ಕುಟುಂಬಗಳಲ್ಲಿ ಬೀಜ್ ಮರಳಿತು, ಕಚೇರಿಗಳಲ್ಲಿ ಹಲವರು ಅದನ್ನು ಸಂತೋಷವಾಗಿಯೇ ಕೈಬಿಟ್ಟರು. ಕೈಮುಗಿದರೆ ಈಗ ಎಲ್ಲರಿಗೂ ಅರ್ಥವಾಗುತ್ತದೆ. ಜೊತೆಗೆ ಬಾಯಲ್ಲಿ ಬೋಂಜೂರ್ ಇರಲಿ.

ಪ್ರಶ್ನೆ: ಕಾಫಿ ಬೇಕೇ ಎಂದು ಕೇಳಿದರು, 'ಮೆರ್ಸಿ' ಎಂದೆ. ಕಾಫಿ ಬರಲೇ ಇಲ್ಲ!

ಉತ್ತರ: ಏನನ್ನಾದರೂ ಕೊಡಲು ಬಂದಾಗ ಬರೀ 'ಮೆರ್ಸಿ' ಎಂದರೆ ಬೇಡ ಎಂದೂ ಆಗುತ್ತದೆ, ಅದರಲ್ಲೂ ತಲೆಯೋ ಕೈಯೋ ಸ್ವಲ್ಪ ಅಡ್ಡ ಆಡಿದರೆ. ಬೇಕಾದರೆ 'ವಿ, ಮೆರ್ಸಿ' ಅಥವಾ 'ಅವೆಕ್ ಪ್ಲೆಜೀರ್', ಸಂತೋಷವಾಗಿ, ಎನ್ನಿ. ಬೇಡವಾದರೆ 'ನೋಂ, ಮೆರ್ಸಿ'.

ಪ್ರಶ್ನೆ: ವಿಶ್ವವಿದ್ಯಾಲಯಕ್ಕೆ, ಮನೆ ಮಾಲೀಕರಿಗೆ ಪತ್ರ ಬರೆಯಬೇಕು. ಆರಂಭ, ಅಂತ್ಯ ಹೇಗೆ? ಇಮೇಲಿನಲ್ಲೂ ಅಷ್ಟೇ ಉದ್ದ ಬೇಕೇ?

ಉತ್ತರ: ಯಾರು ಓದುತ್ತಾರೆಂದು ಗೊತ್ತಿಲ್ಲದಿದ್ದರೆ ಆರಂಭ 'ಮದಾಮ್, ಮಸ್ಯೋ,' ಎಂದು, ಕೊನೆಗೆ ಅಲ್ಪವಿರಾಮ. ಗೊತ್ತಿದ್ದರೆ ಎರಡರಲ್ಲಿ ಒಂದು ಮಾತ್ರ. ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಮನೆತನದ ಹೆಸರನ್ನು ಸೇರಿಸುವುದು. ಸಾಂಪ್ರದಾಯಿಕ ಪತ್ರದ ಸಂಬೋಧನೆಯಲ್ಲಿ ಹೆಸರು ಬರಬಾರದು, ಅದು ಲಕೋಟೆಗೆ. ಇನ್ನೊಂದು, ಮದಾಮ್, ಮಸ್ಯೋ ಪದಗಳನ್ನು ಚುಟುಕಾಗಿಸುವುದು. ಸಂಬೋಧನೆಯಲ್ಲಿ ಪೂರ್ತಿ ಬರೆಯಬೇಕು. 'ಪ್ರಿಯ' ಎಂಬರ್ಥದ 'ಶೆರ್' ಪರಿಚಯವಾದ ಮೇಲಿನ ಮಾತು. ಪದವಿಯಿದ್ದರೆ ಅದನ್ನು ಸೇರಿಸಿ: ಮೇಯರಿಗೆ 'ಮಸ್ಯೋ ಲ ಮೆರ್', ನಿರ್ದೇಶಕಿಗೆ 'ಮದಾಮ್ ಲಾ ದಿರೆಕ್ತ್ರಿಸ್'. ವಕೀಲರಿಗೆ ಹೆಣ್ಣಾಗಲಿ ಗಂಡಾಗಲಿ 'ಮೆತ್ರ್'.

ಅಂತ್ಯದ ವಾಕ್ಯ ಉದ್ದವೇ: 'ಜ ವೂ ಪ್ರಿ ದಗ್ರೇಯೇ, ಮದಾಮ್, ಮಸ್ಯೋ, ಮೆ ಸಲ್ಯೂತಾಸ್ಯೋಂ ದಿಸ್ತ್ಯಾಂಗೇ'. ನನ್ನ ಗೌರವಪೂರ್ವಕ ವಂದನೆಗಳನ್ನು ಸ್ವೀಕರಿಸಬೇಕೆಂದು ಕೋರುತ್ತೇನೆ, ಎಂದು. ನಡುವೆ ಬರುವ ಸಂಬೋಧನೆ ಆರಂಭದ್ದರ ಅಚ್ಚುಪ್ರತಿಯಾಗಿರಬೇಕು. ಮೇಲೆ 'ಮಸ್ಯೋ ಲ ಮೆರ್' ಎಂದು ಬರೆದು ಕೆಳಗೆ ಬರೀ 'ಮಸ್ಯೋ' ಎಂದರೆ ಮಾದರಿ ಪತ್ರದಿಂದ ನಕಲು ಹೊಡೆದದ್ದು ಬಯಲಾಗುತ್ತದೆ. 'ವಂದನೆಗಳ ಅಭಿವ್ಯಕ್ತಿ' ಎಂಬ ಜೋಡಣೆಯನ್ನು ಭಾಷಾಶುದ್ಧಿಯವರು ತಪ್ಪೆನ್ನುತ್ತಾರೆ, ವಂದನೆಯೇ ಒಂದು ಅಭಿವ್ಯಕ್ತಿ ಎಂಬುದು ಅವರ ವಾದ. 'ಭಾವನೆಗಳ ಅಭಿವ್ಯಕ್ತಿ' ಆಗಬಹುದು. ಆ ಭಾವನೆ, 'ಸಾಂತಿಮಾಂ', ಎಂಬ ಪದವನ್ನು ಗಂಡಸು ಹೆಂಗಸಿಗೆ ಬರೆಯುವ ಪತ್ರದಲ್ಲಿ ಬಳಸಬಾರದೆಂಬ ಹಳೆಯ ನಿಯಮವೂ ಉಂಟು. ಇದೆಲ್ಲದರ ಗೋಜು ಬೇಡದವರಿಗೆ ಮೇಲೆ ಕೊಟ್ಟ ವಾಕ್ಯ ಎಲ್ಲಿಗೂ ಸಲ್ಲುತ್ತದೆ.

ಇನ್ನೊಂದು ಬಲೆ: 'ನಿಮ್ಮ ಉತ್ತರದ ನಿರೀಕ್ಷೆಯಲ್ಲಿ' ಎಂದು ಶುರುವಾದ ವಾಕ್ಯದ ಕರ್ತೃ 'ನಾನು' ಆಗಿರಲೇಬೇಕು, ಏಕೆಂದರೆ ನಿರೀಕ್ಷಿಸುತ್ತಿರುವುದು ನೀವು. ಅದರ ಹಿಂದೆಯೇ 'ಜ ವೂ ಪ್ರಿ' ಬಂದರೆ ಸರಿ. 'ದಯವಿಟ್ಟು ಸ್ವೀಕರಿಸಿ' ಎಂಬರ್ಥದ 'ವೆಯ್ಯೇ ಅಗ್ರೇಯೇ' ಬಂದರೆ, ಕಾಯುತ್ತಿರುವವರು ಅವರು ಎಂದಾಗಿಬಿಡುತ್ತದೆ. ಫ್ರೆಂಚರೂ ಇಲ್ಲಿ ಎಡವುತ್ತಾರೆ.

ಇಮೇಲಿಗೆ ಇಷ್ಟು ಬೇಡ. 'ಬೋಂಜೂರ್ ಮದಾಮ್,' ಎಂದು ಆರಂಭಿಸಿ 'ಕೋರ್ದ್ಯಾಲ್‌ಮಾಂ' (ಆದರಪೂರ್ವಕ) ಅಥವಾ 'ಬ್ಯಾಂ ಕೋರ್ದ್ಯಾಲ್‌ಮಾಂ' ಎಂದು ಮುಗಿಸಿ. ಪ್ರಾಧ್ಯಾಪಕರಿಗೆ, ಉನ್ನತ ಅಧಿಕಾರಿಗೆ ಮೊದಲ ಇಮೇಲ್ ಆದರೆ ಉದ್ದನೆಯ ವಾಕ್ಯವೇ ಇರಲಿ. ವಂದನೆಯಿಲ್ಲದೆ ವಿಷಯಕ್ಕೆ ಇಳಿದ ಇಮೇಲ್ ಅಂಗಡಿಗೆ ಬೋಂಜೂರ್ ಇಲ್ಲದೆ ಹೊಕ್ಕಷ್ಟೇ ಕೆಟ್ಟದ್ದು, ಉತ್ತರ ತಡವಾಗಲು ಎಷ್ಟೋ ಸಲ ಅದೇ ಕಾರಣ. ಬೀಜ್, ಬೀಜೂ ಎಂದು ಮುಗಿಸುವುದು ಗೆಳೆಯರಿಗೆ ಮಾತ್ರ.

ಪ್ರಶ್ನೆ: ಬೀಳ್ಕೊಡುವಾಗ 'ಅದ್ಯೋ' ಎನ್ನಬಹುದೇ?

ಉತ್ತರ: ಪ್ಯಾರಿಸ್ಸಿನಲ್ಲಿ ಬೇಡ, ಇನ್ನೆಂದೂ ಸಿಗುವುದಿಲ್ಲ ಎಂಬ ಅರ್ಥ ಬರುತ್ತದೆ. ನೈಋತ್ಯ ಫ್ರಾನ್ಸಿನಲ್ಲಿ, ಫ್ರೆಂಚ್ ಮಾತಾಡುವ ಸ್ವಿಟ್ಜರ್ಲೆಂಡಿನಲ್ಲಿ ಸಲಿಗೆಯವರು ಸಿಕ್ಕಾಗಲೂ ಹೊರಡುವಾಗಲೂ ಅದನ್ನೇ ಹೇಳುತ್ತಾರೆ. ಉಳಿದಂತೆ 'ಓ ರೆವ್ವಾರ್' ಎಲ್ಲರಿಗೂ. ಇವತ್ತೇ ಮತ್ತೆ ಸಿಗುವುದಾದರೆ 'ಆ ತೂತಾಲರ್', ನಾಳೆಯಾದರೆ 'ಆ ದಮಾಂ', ಸದ್ಯದಲ್ಲೇ ಎಂದಾದರೆ 'ಆ ಬ್ಯಾಂತೋ', ಗೆಳೆಯರಿಗೆ 'ಆ ಪ್ಲ್ಯೂಸ್', ಇದರಲ್ಲಿ ಕೊನೆಯ ಸಕಾರ ಕೇಳಿಸಬೇಕು. ಕಷ್ಟದ ಕೆಲಸ ಎದುರಿರುವವರಿಗೆ 'ಬೋಂ ಕುರಾಜ್', ಧೈರ್ಯವಾಗಿರಿ. ಶುಕ್ರವಾರ 'ಬೋಂ ವೀಕೆಂಡ್'. ಪ್ರತಿಯಾಗಿ 'ಮೆರ್ಸಿ, ವೂ ಜೋಸ್ಸಿ', ನಿಮಗೂ, ಎನ್ನಿ.

ಪ್ರಶ್ನೆ: ಕೆನಡಾದ ಕೆಬೆಕ್‌ಗೆ ಓದಲು ಹೋಗುತ್ತಿದ್ದೇನೆ, ಅಣ್ಣ ಕೆಲಸದ ಮೇಲೆ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿದ್ದಾರೆ. ಇದೇ ನಿಯಮಗಳು ಅಲ್ಲೂ ಸಲ್ಲುತ್ತವೆಯೇ?

ಉತ್ತರ: ಭಾಷೆ ಒಂದೇ, ವಾಡಿಕೆ ಬೇರೆ. ಕೆಬೆಕ್‌ನಲ್ಲಿ ತ್ಯು ಬೇಗ ಬರುತ್ತದೆ, ಅಂಗಡಿಯಲ್ಲೂ ಕೇಳಿಸುತ್ತದೆ. ಬೆಳಿಗ್ಗೆ 'ಬೋಂ ಮಾತ್ಯಾಂ' ಎನ್ನುವವರಿದ್ದಾರೆ, ಫ್ರಾನ್ಸಿನಲ್ಲಿ ಅದು ವಿಚಿತ್ರ. ಫ್ರಾನ್ಸಿನಲ್ಲಿ ಫೋನಿಗಷ್ಟೇ ಮೀಸಲಾದ 'ಅಲೋ' ಅಲ್ಲಿ ಎದುರಾದ ಗೆಳೆಯರಿಗೂ ಸಲ್ಲುತ್ತದೆ. ನೀವು ಮೆರ್ಸಿ ಎಂದರೆ 'ಬ್ಯಾಂವೆನ್ಯೂ' ಎಂದು ಮರುನುಡಿಯುತ್ತಾರೆ; ಫ್ರಾನ್ಸಿನಲ್ಲಿ ಅದೇ ಜಾಗದಲ್ಲಿ 'ಜ ವೂ ಜಾಂ ಪ್ರಿ' ಅಥವಾ 'ದ ರ್‍ಯಾಂ' ಬರುತ್ತದೆ. ಬೋಂಜೂರ್ ಎಂದು ಬೀಳ್ಕೊಡುವುದೂ ಅಲ್ಲಿ ಉಂಟು.

ಐವರಿ ಕೋಸ್ಟ್ ಮತ್ತು ಅದರ ನೆರೆಯ ದೇಶಗಳಲ್ಲಿ ಮಧ್ಯಾಹ್ನ 12 ದಾಟಿದ ಮೇಲೆ ಬೋಂಸ್ವಾರ್ ಶುರುವಾಗುತ್ತದೆ, ಬಿಸಿಲು ನೆತ್ತಿಯ ಮೇಲಿದ್ದರೂ. ದೂರದಿಂದ ಬಂದವರನ್ನು 'ಬೊನಾರಿವೇ' ಎಂದು ಸ್ವಾಗತಿಸುತ್ತಾರೆ. ವಂದನೆ ಒಂದು ಪದದಲ್ಲಿ ಮುಗಿಯುವುದಿಲ್ಲ: ನೀವು ಹೇಗಿದ್ದೀರಿ, ಮನೆಯವರು, ಮಕ್ಕಳು, ಕೆಲಸ – ಒಂದೊಂದನ್ನೂ ಕೇಳಿ, ಒಂದೊಂದಕ್ಕೂ 'ಸಾ ವಾ' ಎನ್ನಿಸಿಕೊಂಡು, ಅಷ್ಟೇ ಪ್ರಶ್ನೆ ಮರಳಿಸಿದ ಮೇಲೆ ಕೆಲಸದ ಮಾತು. ಪ್ಯಾರಿಸ್ಸಿನ ಅವಸರದಲ್ಲಿ ಎರಡೇ ಪದಕ್ಕೆ ಮುಗಿಸಿದರೆ ನಿಮ್ಮ ಅಣ್ಣನನ್ನು ಒರಟ ಎಂದುಕೊಂಡಾರು.

ಪ್ರಶ್ನೆ: ಹೊಸವರ್ಷದ ಶುಭಾಶಯ ಕಳಿಸಲು ತಡವಾಗಿದೆ. ಜನವರಿ ಮಧ್ಯದಲ್ಲಿ ಕಳಿಸಬಹುದೇ?

ಉತ್ತರ: ಧಾರಾಳವಾಗಿ. ಫ್ರಾನ್ಸಿನಲ್ಲಿ ಜನವರಿ 31ರವರೆಗೆ 'ಬೊನಾನೇ' ಹೇಳಬಹುದು, ಆ ವರ್ಷ ಮೊದಲ ಸಲ ಸಿಕ್ಕ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಮುಂಚಿತವಾಗಿ ಹೇಳುವುದೇ ಸಲ್ಲದು. ಡಿಸೆಂಬರಿನಲ್ಲಿ 'ಬೊನ್ ಫೆತ್', ಹಬ್ಬಗಳು ಚೆನ್ನಾಗಿರಲಿ, ಎಂದು ಹೇಳಿ. ಬೊನಾನೇಯನ್ನು 31ರ ನಡುರಾತ್ರಿ ದಾಟುವವರೆಗೆ ಹಿಡಿದಿಟ್ಟುಕೊಳ್ಳಿ. ಕಾರ್ಡಿನಲ್ಲಿ 'ಮೆಯ್ಯರ್ ವೋ', ಶುಭ ಹಾರೈಕೆಗಳು, ಎಂದು ಬರೆದರೆ ಕಚೇರಿಗೂ ಸಲ್ಲುತ್ತದೆ, ಗೆಳೆಯರಿಗೂ ಸಲ್ಲುತ್ತದೆ.